ಆಳ ಕೇಳದೆ ಗಾಳ ಕೊಳ್ಳಬ್ಯಾಡಿ

ಮೀನು ಹಿಡಿಯೋ ಸಾಮಾನು ಗಂಡಸ್ರ ವಿಷ್ಯ, ಅದಕ್ಕೆ ಹೆಂಗಸ್ರು ಬಾಯಿ ಹಾಕಬಾರ್ದು ಅಂತ ನಮ್ಮನೇಲೂ ಅಂದವ್ರೆ, ನಿಮ್ಮನೇಲೂ ಅಂದಿರ್ತಾರೆ. ನಾನು ಇದನ್ನ ಒಪ್ಪದಿಲ್ಲ ಕಣ್ರವ್ವ. ಆ ಸಾಮಾನಿಗೆ ಕೊಡೋ ದುಡ್ಡು ಮನೆ ದುಡ್ಡು. ಅದು ಬೀಳೋ ಹೊಳೆ ನಾವು ಬಟ್ಟೆ ಒಗೆಯೋ ಹೊಳೆ. ಅದರ ಮೊನೆ ಚುಚ್ಚೋದು ನಮ್ಮ ಕಾಲಿಗೆ, ನಮ್ಮ ಮಕ್ಕಳ ಕಾಲಿಗೆ. ಇಷ್ಟಾದ್ಮೇಲೂ ವಿಷ್ಯ ನಮ್ದಲ್ಲ ಅಂದ್ರೆ ಇನ್ಯಾವ್ದು ನಮ್ದು?

ಮೊದ್ಲು ವಸ್ತು ಏನು ಅಂತ ಹೇಳ್ಬುಡ್ತೀನಿ, ಯಾಕಂದ್ರೆ ನಮ್ಮಲ್ಲಿ ಬಾಳ ಜನ ಅದನ್ನ ಮಕ್ಕಳ ಆಟದ ಸಾಮಾನು ಅಂದ್ಕೊಂಡವ್ರೆ. ನಮ್ಮಪ್ಪಂದ್ರ ಕಾಲದಲ್ಲಿ ಗಾಳ ಅಂದ್ರೆ ಒಂದು ಬಿದಿರು ಕಡ್ಡಿ, ಒಂದು ದಾರ, ಒಂದು ಕೊಕ್ಕೆ, ಅದಕ್ಕೊಂದು ಎರೆಹುಳ. ಈಗ ಹೈಕ್ಳು ಮೊಬೈಲಲ್ಲಿ ಆರ್ಡರ್ ಮಾಡಿ ತರಿಸ್ಕೊಳ್ಳೋದು ಕ್ರ್ಯಾಂಕ್‌ಬೈಟ್ ಅನ್ನೋ ಸುಳ್ಳು ಮೀನು. ಕೆಲವು ಹೆಬ್ಬೆರಳುದ್ದ, ಕೆಲವು ಅಂಗೈಯುದ್ದ. ಪ್ಲಾಸ್ಟಿಕ್ಕಿಂದೋ ಹಗುರ ಮರದ್ದೋ ಮೈ, ಬಣ್ಣಬಣ್ಣದ ಹೊಟ್ಟೆ, ಗುಡ್ಡೆಯಂಥ ಕಣ್ಣು. ಅಲ್ಲಾಡಿಸುದ್ರೆ ಕೆಲವು ಒಳಗೆ ಗಿಲಿಗಿಲಿ ಅಂತವೆ. ಹೊಟ್ಟೆ ಕೆಳಗೊಂದು, ಬಾಲದ ತಾವೊಂದು, ಮೂರ್ಮೂರು ಮೊನೆಯ ಗಾಳ. ಒಟ್ಟು ಆರು ಮೊನೆ. ಈ ಆರನ್ನ ಮನಸ್ಸಲ್ಲಿ ಇಟ್ಕಳಿ, ಆಮೇಲೆ ಅಲ್ಲಿಗೆ ಬತ್ತೀನಿ.

ಮೂತಿ ಮುಂದೆ ಒಂದು ಪ್ಲಾಸ್ಟಿಕ್ ನಾಲಿಗೆ ಚಾಚ್ಕೊಂಡಿರ್ತದೆ. ಎಲ್ಲಾ ಕರಾಮತ್ತು ಅದರಲ್ಲೇ ಇರದು. ನೀರಿಗೆ ಎಸೆದಾಗ ಸುಳ್ಳು ಮೀನು ಮ್ಯಾಲೆ ತೇಲ್ತಾ ಇರ್ತದೆ. ರೀಲು ಸುತ್ತಿ ಎಳೆದಾಗ ಆ ನಾಲಿಗೆಗೆ ನೀರು ಬಡಿದು ಮೂತಿ ಕೆಳಕ್ಕೆ ತಿರುಗ್ತದೆ, ಮೈ ಒದ್ದಾಡ್ತಾ ಒಳಗಿಳೀತದೆ. ಎಳೆಯೋದು ನಿಲ್ಸುದ್ರೆ ಮತ್ತೆ ಮೆಲ್ಲಗೆ ಮೇಲೇಳ್ತದೆ. ನಾಲಿಗೆ ಗಿಡ್ಡ ಇದ್ದು ಕೆಳಕ್ಕೆ ಬಗ್ಗಿದ್ರೆ ಮೇಲ್ಮೇಲೆ ಓಡ್ತದೆ. ನಾಲಿಗೆ ಉದ್ದ ಇದ್ದು ಮೈಗೆ ನೇರವಾಗಿ ಮುಂದಕ್ಕೆ ಚಾಚಿದ್ರೆ ಆಳಕ್ಕೆ ಹೋಗ್ತದೆ. ಈ ಉದ್ದ ನಾಲಿಗೇದನ್ನೇ ಡೀಪ್ ಡೈವಿಂಗ್ ಅನ್ನೋದು. ಹೆಣ್ಣಿಗೆ ನಾಲಿಗೆ ಉದ್ದ ಅಂತ ಬೈಯೋರು ಇದರ ನಾಲಿಗೆ ಉದ್ದ ಅದೆ ಅಂತ ಹೆಚ್ಚು ದುಡ್ಡು ಕೊಟ್ಟು ತತ್ತಾರೆ ನೋಡಿ.

ಡಬ್ಬಿ ಮೇಲೆ ಎಷ್ಟು ಅಡಿ ಇಳೀತದೆ ಅಂತ ಬರೆದಿರ್ತದೆ. 10 ಅಡಿ, 14 ಅಡಿ, 16 ಅಡಿ, ಅದಕ್ಕೂ ಹೆಚ್ಚಿಂದೂ ಅವೆ. ನಮಗೆ ಅಡಿ ಲೆಕ್ಕ ಬ್ಯಾಡ, ಹೊಳೆ ಲೆಕ್ಕದಲ್ಲೇ ಹೇಳ್ಕಳನ. ಮೊಣಕಾಲುದ್ದ ಅಂದ್ರೆ ಒಂದೂವರೆ ಅಡಿ. ಎದೆಮಟ್ಟ ಅಂದ್ರೆ 4 ಅಡಿ. ಆಳುದ್ದ ಅಂದ್ರೆ ಸುಮಾರು ಐದೂವರೆ ಅಡಿ. ಹಂಗಾದ್ರೆ 10 ಅಡಿ ಅಂದ್ರೆ ಎರಡಾಳಿಗೆ ಚೂರು ಕಮ್ಮಿ, 16 ಅಡಿ ಅಂದ್ರೆ ಹತ್ತಹತ್ರ ಮೂರಾಳು ನೀರು. ಈಗ ನೀವೇ ಹೇಳಿ. ನಾವು ಬಟ್ಟೆ ಒಗೆಯೋ ತಾವು, ದನ ಮೈ ತೊಳೆಯೋ ತಾವು, ಹಬ್ಬಕ್ಕೆ ಮುಳುಗೋ ತಾವು, ಮೂರಾಳು ನೀರು ಎಲ್ಲದೆ? ಮೂರಾಳು ನೀರಿರೋ ತಾವಿಗೆ ಯಾವ ತಾಯಿ ಮಗನ್ನ ಇಳಿಸ್ತಾಳೆ?

ನನ್ನ ಜಗಳದ ಬೇರು ಇದೇ. ಈ ಸಾಮಾನು ಕೊಳ್ಳೋಕೆ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ನೀರು ಎಷ್ಟಾಳ ಅನ್ನೋದು. ಆ ಉತ್ತರ ಗೊತ್ತಿರೋದು ದಿನಾ ಹೊಳೆಗೆ ಇಳಿಯೋ ಹೆಂಗಸ್ರಿಗೆ, ಬಟ್ಟೆ ಒಗೆದು ಬಾಳೋ ಮನೆಯೋರಿಗೆ, ತೆಪ್ಪ ಹಾಕಿ ಬಲೆ ಬೀಸೋ ಬೆಸ್ತರಿಗೆ. ಯಾವ ಕಲ್ಲ ಪಕ್ಕ ಕಾಲಿಟ್ರೆ ಜಾರ್ತದೆ, ಯಾವ ತಿಂಗಳು ಎಲ್ಲಿ ಗುಂಡಿ ಬೀಳ್ತದೆ, ಎಲ್ಲಿ ಸೆಳವು ಅಂತ ನಮ್ಮ ಕಾಲಿಗೇ ಗೊತ್ತು. ನಮ್ಮನ್ನ ಒಂದು ಮಾತು ಕೇಳದೆ, ಎಲ್ಲೋ ದೂರ ದೇಶದೋನು ಆಡೋ ವಿಡಿಯೋ ನೋಡಿ ದುಡ್ಡು ಕಟ್ಟಿದ್ರೆ ಅದನ್ನ ಆಯ್ಕೆ ಅನ್ನಲ್ಲ, ಮರುಳು ಅಂತಾರೆ.

ಇದನ್ನ ಕಂಡುಹಿಡಿದೋರು ಮಾತ್ರ ಪೆದ್ದರಲ್ಲ. ಫಿನ್‌ಲ್ಯಾಂಡ್ ದೇಶದಲ್ಲಿ ಲೌರಿ ರಪಾಲಾ ಅನ್ನೋ ಮೀನುಗಾರ 1936ರಲ್ಲಿ ಕಾರ್ಕ್ ಕೆತ್ತಿ, ಅದಕ್ಕೆ ಚಾಕೊಲೇಟು ಸುತ್ತೋ ಬೆಳ್ಳಿ ಕಾಗದ ಅಂಟಿಸಿ ತನ್ನ ಮೊದಲ ಸುಳ್ಳು ಮೀನು ಮಾಡ್ದ. ಅದಕ್ಕೂ ಮುಂಚೆ ಅವನು ಮಾಡಿದ್ದು ಏನು ಗೊತ್ತಾ? ಸುಮ್ಮನೆ ಕೂತು ನೀರು ನೋಡಿದ್ದು. ಗಾಯ ಆಗಿ ಓರೆ ಓರೆ ಈಜೋ ಸಣ್ಣ ಮೀನನ್ನೇ ದೊಡ್ಡ ಮೀನು ಮೊದಲು ಹಿಡಿಯೋದು ಅಂತ ಕಂಡ್ಕಂಡ. ಆ ಓರೆ ನಡಿಗೇನ ಕಾರ್ಕಿಗೆ ತಂದ. ಇವತ್ತಿಗೂ ಅವನ ಹೆಸರಿನ ಕಂಪನಿಯ ಡಿಟಿ ಅನ್ನೋ ಜಾತೀಲಿ, ಹೆಸರಿನ ಪಕ್ಕದ ಅಂಕಿ ಎಷ್ಟೋ ಅಷ್ಟಡಿ ಇಳೀತದೆ ಅಂತ ಅರ್ಥ. ಡಿಟಿ 10 ಅಂದ್ರೆ 10 ಅಡಿ, ಡಿಟಿ 16 ಅಂದ್ರೆ 16 ಅಡಿ. ಅಂದ್ರೆ ಮಾಡಿದೋನೂ ಮೊದಲು ನೀರು ನೋಡ್ದ, ಮಾರೋರೂ ಮೊದಲು ಆಳ ಬರೀತಾರೆ. ನೀರೂ ನೋಡದೆ, ಆಳಾನೂ ಓದದೆ ಇರೋರು ಕೊಳ್ಳೋರು ಮಾತ್ರ.

ಆಳಕ್ಕೆ ಮುಳುಗೋದು ಯಾತಕ್ಕೆ ಹುಟ್ಟಿದ್ದು ಅಂತಾನೂ ತಿಳ್ಕಳಿ. ಅಮೆರಿಕದ ದೊಡ್ಡ ದೊಡ್ಡ ಡ್ಯಾಮು, ಸರೋವರಗಳಲ್ಲಿ ಬಾಸ್ ಅನ್ನೋ ಮೀನು ಬ್ಯಾಸಗೇಲಿ ಆಳಕ್ಕೆ ಇಳೀತದೆ. ಅದಕ್ಕೆ ದೋಣಿ ಮ್ಯಾಲಿಂದ ಎಸೆದು, ತಳ ಕೆರೆಯೋ ಹಂಗೆ ಎಳೀತಾರೆ. ನೀರು 10 ಅಡಿ ಇದ್ರೆ 12 ಅಡಿ ಇಳಿಯೋದನ್ನ ತಗೋ, ತಳಕ್ಕೆ ಬಡಿದು ಕಲ್ಲಿಗೆ ತಾಕಿ ಪುಟಿಯೋವಾಗಲೇ ಮೀನು ಕಚ್ಚದು ಅಂತ ಅಲ್ಲಿನೋರ ಲೆಕ್ಕ. ಅಲ್ಲಿಗೆ ಅದು ಸರಿ. ತಳಕ್ಕೆ ಬಡಿಯೋದೇ ಅದರ ಕಸುಬು.

ನಮ್ಮ ಹೈಕ್ಳಿಗೆ ದೋಣಿ ಎಲ್ಲದೆ? ದಡದಲ್ಲಿ, ಸೋಪಾನದ ಮ್ಯಾಲೆ ನಿಂತು ಎಸೀತಾರೆ. ದೋಣಿಯೋನು ದಡದ ಕಡೆಗೆ ಎಸೆದು ಆಳದ ಕಡೆಗೆ ಎಳ್ಕೋಬೋದು. ಸುಳ್ಳು ಮೀನು ಇಳೀತಾ ಇಳೀತಾ ನೀರೂ ಆಳ ಆಗ್ತಾ ಬತ್ತದೆ, ಎರಡೂ ಹೊಂದ್ಕತವೆ. ದಡದಲ್ಲಿ ನಿಂತೋನದು ಉಲ್ಟಾ. ಅವನು ಆಳಕ್ಕೆ ಎಸೆದು ದಡದ ಕಡೆಗೆ ಎಳೀತಾನೆ. ಸುಳ್ಳು ಮೀನು ಕೆಳಕ್ಕೆ ಇಳೀತಾ ಬತ್ತದೆ, ತಳ ಮೇಲಕ್ಕೆ ಏಳ್ತಾ ಬತ್ತದೆ. ಎರಡೂ ಎಲ್ಲಿ ಸೇರ್ತವೆ? ದಡದಿಂದ ಹತ್ತಿಪ್ಪತ್ತು ಅಡಿ ಈಚೆ, ಸೊಂಟದುದ್ದ ನೀರಲ್ಲಿ, ಸರಿಯಾಗಿ ನಾವು ಸೀರೆ ಜಾಲಾಡೋ ತಾವು. ಅಲ್ಲೇ ಅದರ ನಾಲಿಗೆ ಕಲ್ಲ ಸಂದೀಗೆ ಹೊಕ್ಕಳದು, ಮೊನೆ ಯಾವ್ದಾದ್ರೂ ಹಳೇ ಬಟ್ಟೆಗೆ ಸಿಕ್ಕಳದು. ನಂಜನಗೂಡಲ್ಲಂತೂ ಹರಕೆ ತೀರಿಸೋಕೆ ಬಂದೋರು ಮುಳುಗಿ ಎದ್ದು ಉಟ್ಟ ಬಟ್ಟೆ ಹೊಳೇಲೇ ಬುಟ್ಟೋಗ್ತಾರೆ. ಆ ಬಟ್ಟೆ ತಳದಲ್ಲಿ ಕಲ್ಲಿಗೆ ಸುತ್ಕೊಂಡು ಕೂತಿರ್ತವೆ. ಗಾಳಕ್ಕೆ ಅದಕ್ಕಿಂತ ಒಳ್ಳೆ ಬಲೆ ಇನ್ನೊಂದು ಬೇಕಾ?

ಸಿಕ್ಕಳ್ತು ಅಂದ್ರೆ ಹುಡುಗ ಏನು ಮಾಡ್ತಾನೆ? ಎಳೀತಾನೆ. ಜಗ್ಗಿ ಎಳೀತಾನೆ. ದಾರ ಕಿತ್ಕತದೆ. ಅಯ್ಯೋ ಮುನ್ನೂರು ರೂಪಾಯಿ ಹೋಯ್ತು ಅಂತ ಬೈಕಂಡು ಇನ್ನೊಂದು ಕಟ್ತಾನೆ. ಅವನ ಲೆಕ್ಕದಲ್ಲಿ ಹೋಗಿದ್ದು 300 ರೂಪಾಯಿ. ನಮ್ಮ ಲೆಕ್ಕದಲ್ಲಿ ಹೊಳೇಲಿ ಉಳಿದಿದ್ದು ಆರು ಮೊನೆ.

ಈಗ ಆ ಆರರ ಮಾತಿಗೆ ಬಂದೆ. ನಮ್ಮ ನಾದಿನಿ ತಿರುಮಕೂಡಲ ಕಡೆ ಕೊಟ್ಟಿರೋಳು. ಹೋದ ಬ್ಯಾಸಗೇಲಿ ಬೆಡ್‌ಶೀಟು ಜಾಲಾಡೋಕೆ ಮೊಣಕಾಲುದ್ದ ನೀರಿಗೆ ಇಳಿದಾಗ ಹಿಮ್ಮಡಿಗೆ ಏನೋ ಕಚ್ಚದಂಗಾಯ್ತಂತೆ. ಕಾಲೆತ್ತುದ್ರೆ ಹಸಿರು ಬಣ್ಣದ ಸುಳ್ಳು ಮೀನು ನೇತಾಡ್ತಾ ಅದೆ. ಒಂದು ಮೊನೆ ಹಿಮ್ಮಡೀಲಿ, ಇನ್ನೊಂದು ಸೀರೆ ಅಂಚಲ್ಲಿ. ಬಿಡಿಸೋಕೆ ಹೋದ ಕೈಗೆ ಮೂರನೇದು. ಗಾಳದ ಮೊನೆ ಹತ್ರ ಹಿಂದುಕ್ಕೆ ತಿರುಗಿದ ಒಂದು ಸಣ್ಣ ಮುಳ್ಳಿರ್ತದೆ ಕಣವ್ವ. ಒಳಗೆ ಹೋಗೋಕೆ ಸಲೀಸು, ಹಿಂದಕ್ಕೆ ಎಳೆದ್ರೆ ಮಾಂಸಾನೇ ಕಿತ್ತು ಬತ್ತದೆ. ಮೀನು ತಪ್ಪಿಸ್ಕೊಬಾರ್ದು ಅಂತ ಮಾಡಿರೋದು, ಮನುಷರ ಕಾಲು ಅಂತ ಅದಕ್ಕೆ ಗೊತ್ತಾ? ಆಸ್ಪತ್ರೇಲಿ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಮೊನೇನ ಮುಂದಕ್ಕೇ ತಳ್ಳಿ ಆಚೆ ತೆಗೆದು, ಆ ಮುಳ್ಳು ಕತ್ತರಿಸಿ, ಆಮೇಲೆ ವಾಪಸ್ ಎಳೆದ್ರು. ಟಿಟಿ ಇಂಜೆಕ್ಷನ್ನೂ ಆಯ್ತು. ಎರಡು ವಾರ ಕುಂಟ್ಕೊಂಡು ಕೂಲಿ ಇಲ್ಲದೆ ಕೂತಿದ್ಲು. ಎಸೆದೋನು ಯಾರು ಅಂತ ಯಾರಿಗೂ ತಿಳೀನಿಲ್ಲ, ತಿಳಿಯೋದೂ ಇಲ್ಲ. ಹೊಳೇಲಿ ಬಿಟ್ಟ ಗಾಳಕ್ಕೆ ಮೇಲ್ವಿಳಾಸ ಇರದಿಲ್ಲ.

ಅವಳು ದೊಡ್ಡೋಳು, ತಡ್ಕಂಡ್ಲು. ಮಕ್ಕಳು? ನಮ್ಮ ಹೆಮ್ಮರಗಾಲಕ್ಕೆ ಸಂತಾನ ವೇಣುಗೋಪಾಲಸ್ವಾಮಿ ಹತ್ರ ಮಡಿಲು ತುಂಬಲಿ ಅಂತ ಎಲ್ಲೆಲ್ಲಿಂದಲೋ ಬತ್ತಾರೆ. ಮಗು ಆದ್ಮೇಲೆ ನಂಜುಂಡೇಶ್ವರನಿಗೆ ಮುಡಿ ಕೊಟ್ಟು ಕಪಿಲೇಲಿ ಮುಳುಗಿಸಿ ಎತ್ತೋರೂ ಉಂಟು. ಬೇಡಿ ಪಡೆದ ಕೂಸಿನ ಪಾದ ಆ ನೀರಲ್ಲಿ ಮೊದಲು ಊರೋ ತಾವೇ ಈ ಸೋಪಾನ. ಅಲ್ಲೇ ಆರು ಮೊನೆ ಎಸೆಯೋದು ಆಟ ಅಂದ್ರೆ ಆ ಆಟಕ್ಕೆ ನನ್ನ ಒಪ್ಪಿಗೆ ಇಲ್ಲ.

ಇನ್ನೊಂದು ಮಾತು. ಒಂದು ತಾವಲ್ಲಿ ಸಿಕ್ಕಳ್ಳೋದು ಅಲ್ಲೇ ಇರ್ತದೆ ಅಂತ ಏನಿಲ್ಲ. ಬೀಚನಹಳ್ಳಿ ಡ್ಯಾಮಿಂದ ನೀರು ಬುಟ್ರೆ ನಮ್ಮ ಹೊಳೆ ಒಂದೇ ದಿನದಲ್ಲಿ ಬೇರೆ ಹೊಳೆ ಆಗ್ತದೆ. 2018ರಲ್ಲಿ, ಮತ್ತೆ 2019ರ ಆಗಸ್ಟಲ್ಲಿ ನಂಜನಗೂಡಿನ ಹದಿನಾರುಕಾಲು ಮಂಟಪ ಮುಳುಗಿದ್ದು ನಾವೆಲ್ಲ ಕಂಡೋರೇ. ಬ್ಯಾಸಗೇಲಿ ನಂಜನಗೂಡಲ್ಲಿ ಕಲ್ಲಿಗೆ ಸಿಕ್ಕಿದ ಗಾಳ ಮಳೆಗಾಲದ ಸೆಳವಿಗೆ ಬಿಟ್ಕೊಂಡು, ಬಟ್ಟೆ ಕಸದ ಜೊತೆ ಕೆಳಗಿನ ಯಾವ ಘಟ್ಟಕ್ಕೆ ಹೋಗಿ ಕೂರ್ತದೋ ಯಾರು ಬಲ್ಲರು? ಮೇಲಿನೂರ ಹುಡುಗನ ತೀಟೆ ಕೆಳಗಿನೂರ ಹೆಣ್ಣಿನ ಹಿಮ್ಮಡಿಗೆ. ಡ್ಯಾಮು ಬಾಗಿಲು ತೆಗೆದಾಗ, ಮುಚ್ಚಿದಾಗ ಆಳವೇ ಬದಲಾಗೋ ಹೊಳೆಗೆ, ಡಬ್ಬಿ ಮೇಲೆ ಅಚ್ಚು ಹಾಕಿದ ಒಂದು ಅಂಕಿ ನಂಬ್ಕೊಂಡು ಕೊಳ್ಳೋದು ಎಂಥ ಬುದ್ಧಿ?

ಸರಿ, ಮೀನಾದ್ರೂ ಸಿಕ್ತದಾ? ಸಾರು ಮಾಡೋರು ನಾವು, ಆ ಲೆಕ್ಕ ನಮ್ಗೆ ಚೆನ್ನಾಗಿ ಗೊತ್ತು. ನಮ್ಮ ಮನೆಗಳಿಗೆ ಹೆಚ್ಚಾಗಿ ಬರೋದು ಕಾಟ್ಲಾ, ರೋಹು, ಜಿಲೇಬಿ. ಕಾಟ್ಲಾ ನೀರಲ್ಲಿ ತೇಲೋ ಕಣ್ಣಿಗೆ ಕಾಣದ ಸಣ್ಣ ಜೀವಿ ಸೋಸಿ ತಿನ್ನೋದು. ರೋಹು, ಜಿಲೇಬಿ ಪಾಚಿ ಪಸೆ ಮೇಯೋವು. ಇವು ಓಡೋ ಮೀನನ್ನ ಅಟ್ಟಿಸ್ಕೊಂಡು ಹೋಗಿ ತಿನ್ನೋ ಜಾತಿ ಅಲ್ಲ. ಸುಳ್ಳು ಮೀನು ಮೀನಿನ ವೇಷ ಹಾಕೋದು ಮೀನು ತಿನ್ನೋ ಮೀನಿಗೆ. ನಮ್ಮ ಕಡೆ ಅಂಥವು ಕೊರಮೀನು, ಬಾಳೆ ಮೀನು, ಬಿಳಿಮೀನು.

ಕೊರಮೀನು ಅಂದ್ರೆ ಹೈಕ್ಳು ಬಾಯಲ್ಲಿ ನೀರು. ಆದ್ರೆ ಅದು ಇರೋದೆಲ್ಲಿ? ಜೊಂಡು, ಪಾಚಿ, ಗಿಡದ ಬುಡ, ಮೊಣಕಾಲುದ್ದ ಸೊಂಟದುದ್ದ ನೀರು. ಅದಕ್ಕೆ ಮೇಲಿನ ಗಾಳಿ ಕುಡಿದೇ ತೀರಬೇಕು, ಆಗಾಗ ಮೇಲೆ ಬಂದು ಬುಳುಕ್ ಅಂತ ಬಾಯಿ ಬಿಟ್ಟು ಹೋಗ್ತದೆ. ಮೇಲೆ ಬರೋ ಮೀನಿಗೆ ಮೂರಾಳು ಮುಳುಗೋ ಗಾಳ ಯಾಕ್ರವ್ವ? ಜೊಂಡಲ್ಲಿ ಎಳೆದ್ರೆ ಆರು ಮೊನೆಗೂ ಹುಲ್ಲೇ ಸಿಕ್ಕದು. ಬಾಳೆ ಮೀನು ಆಳದಲ್ಲಿ ಕಚ್ಚಬೋದು, ಅದನ್ನ ನಾನು ಇಲ್ಲ ಅನ್ನದಿಲ್ಲ. ಆದ್ರೆ ಅದಿರೋ ಮಡುವಿಗೆ ದಡದಿಂದ ಎಸೆಯೋ ಹುಡುಗರು ಎಷ್ಟು ಜನ, ಮನೆಗೆ ಎಷ್ಟು ಬಾಳೆ ಮೀನು ಬಂದವೆ, ಲೆಕ್ಕ ಹೇಳ್ಲಿ. ನಮ್ಮನೇ ಲೆಕ್ಕ ನಾನು ಹೇಳ್ತೀನಿ. ನಾಲ್ಕು ಸುಳ್ಳು ಮೀನು ಹೊಳೆಗೆ ಹೋದವು, ಒಂದು ನಿಜ ಮೀನೂ ಬರ್ಲಿಲ್ಲ. ಸಂತೆ ದಿನ ಕಾಟ್ಲಾ ತಂದು ಸಾರು ಕಾಸಿದ್ದೀನಿ.

ಉಳಿದಿದ್ದು ಬಿಳಿಮೀನು. ಇಂಗ್ಲಿಷಲ್ಲಿ ಮಹ್ಸೀರ್ ಅಂತಾರೆ. ಇದಕ್ಕೆ ಆಳವಾದ ಮಡು, ಕಲ್ಲು, ಸೆಳವು ಬೇಕು. ಆಳಕ್ಕೆ ಮುಳುಗೋ ಗಾಳಕ್ಕೆ ತಕ್ಕ ಮೀನು ಅಂದ್ರೆ ಇದೇ ಅಂತ ಹೈಕ್ಳೂ ವಾದ ಮಾಡ್ತಾರೆ. ನಮ್ಮ ಹೊಳೇದು ಎಂಥ ಮೀನಿತ್ತು ಅಂದ್ರೆ, 1946ರ ಮಾರ್ಚಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆಯೋರು, ಹುಲಿ ಚಿರತೆ ತೊಗಲು ತುಂಬಿ ನಿಲ್ಲಿಸ್ತಿದ್ದ ಆ ಹೆಸರಾದ ಮನೆಯೋರು, ಇದೇ ಕಬಿನೀಲಿ 120 ಪೌಂಡಿನ ಬಿಳಿಮೀನು ಹಿಡಿದಿದ್ರು. ಇವತ್ತಿನ ತೂಕಕ್ಕೆ 54 ಕೆಜಿ. ಒಂದು ಮೂಟೆ ಅಕ್ಕಿಗಿಂತ ಭಾರ. ಆ ಗೂನುಬೆನ್ನಿನ ಬಿಳಿಮೀನು ಕಾವೇರಿ, ಅದಕ್ಕೆ ಸೇರೋ ಹೊಳೆಗಳು ಬಿಟ್ರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಅದಕ್ಕೆ ಸರಿಯಾದ ಶಾಸ್ತ್ರದ ಹೆಸರು ಯಾವ್ದು ಅಂತ ನಿರ್ಧಾರ ಆಗಿದ್ದು ಈಚೆಗೆ, 2018ರಲ್ಲಿ. ಹೆಸರು ಟಾರ್ ರೆಮಾದೇವಿ, ಒಬ್ಬ ಹೆಣ್ಣುಮಗಳು, ಮೀನಿನ ವಿಜ್ಞಾನಿ, ಅವರ ಹೆಸರೇ. ಅದೇ 2018ರಲ್ಲಿ ಅದನ್ನ ಅಳಿವಿನಂಚಿಗೆ ತೀರಾ ಹತ್ರ ಇರೋ ಪಟ್ಟಿಗೂ ಸೇರಿಸುದ್ರು. ಮೀನು ಹೆಂಗಸ್ರ ವಿಷ್ಯ ಅಲ್ಲ ಅನ್ನೋರಿಗೆ ಈ ಹೆಸರು ಒಂದ್ಸಲ ಓದಿ ಹೇಳಿ.

ಹಂಗಾದ್ರೆ ಆಳದ ಗಾಳಕ್ಕೆ ತಕ್ಕ ಮೀನು ಹಿಡಿದು ಕೊಲ್ಲಬಾರದ ಮೀನು. ಅದಕ್ಕೆ ತಕ್ಕ ನೀರು ಎಲ್ಲದೆ? ಮುತ್ತತ್ತಿ ಭೀಮೇಶ್ವರಿ ಕಡೆ ದೊಡ್ಡ ಮಡುಗಳು ಅವೆ, ಅದು 1987ರಿಂದ ಕಾವೇರಿ ವನ್ಯಜೀವಿಧಾಮ, ಗಾಳ ತಗೊಂಡು ಹೋಗಿ ನಿಲ್ಲೋ ಜಾಗ ಅಲ್ಲ. ಕಬಿನಿ ಹಿನ್ನೀರಲ್ಲಿ ಆಳ ಅದೆ, ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ತೀಟೆಗೆ ಅಂತ ಹೋಗೋಕೆ ಅದು ಹುಲಿ ಕಾಡು. ಈ ಗಾಳ ನಡೆಯೋ ತಾವಲ್ಲಿ ನಾವು ಹಾಕೋ ಹಂಗಿಲ್ಲ, ನಾವು ಹಾಕೋ ತಾವಲ್ಲಿ ಅದು ನಡೆಯದಿಲ್ಲ. ಇಷ್ಟು ಸರಳ ಅದೆ ಲೆಕ್ಕ.

ತಮಾಷೆ ಏನು ಗೊತ್ತಾ? ಭೀಮೇಶ್ವರಿ, ಗಾಲಿಬೋರೆ ಕಡೆ ಮೊದಲು ಗಾಳದ ಕ್ಯಾಂಪ್ ಇದ್ದಾಗ ದೂರ ದೇಶದಿಂದ ಬಿಳಿಮೀನು ಹಿಡಿಯೋಕೆ ಬಂದೋರು ಹೆಚ್ಚಾಗಿ ನೆಚ್ಕೊಂಡಿದ್ದು ಯಾವ್ದನ್ನ? ರಾಗಿ ಹಿಟ್ಟಿನ ಉಂಡೇನ. ನಾವು ದಿನಾ ತೊಳಸೋ ಮುದ್ದೇನೇ, ಚೂರು ಗಟ್ಟಿಯಾಗಿ. ಹಿಡಿದು, ತೂಕ ನೋಡಿ, ಮತ್ತೆ ನೀರಿಗೆ ಬಿಡೋರು. ಅವರು ಇಲ್ಲಿಗೆ ಬಂದು ನಮ್ಮ ಅಡುಗೆಮನೆ ನಂಬುದ್ರು, ನಮ್ಮೋರು ಇಲ್ಲೇ ಇದ್ದು ಅವರ ಡಬ್ಬಿ ನಂಬ್ತಾವ್ರೆ.

ಈಗ ಅವರ ವಾದಕ್ಕೆ ಉತ್ತರ ಕೊಡ್ಬೇಕಲ್ಲ. "ಉದ್ದ ನಾಲಿಗೇದು ಕಲ್ಲಿಗೆ ಮೊದಲು ನಾಲಿಗೆ ತಾಕಿಸ್ತದೆ, ಗಾಳ ಸಿಕ್ಕಳದಿಲ್ಲ" ಅಂತಾರೆ. ಅರ್ಧ ನಿಜ. ಕಲ್ಲಿಗೆ ತಾಕಿದ ತಕ್ಷಣ ಸುತ್ತೋದು ನಿಲ್ಸುದ್ರೆ ಅದು ತೇಲಿ ಹಿಂದಕ್ಕೆ ಬತ್ತದೆ, ಅದೂ ನಿಜ. ಅದಕ್ಕೆ ಕೈ ಪಳಗಿರ್ಬೇಕು, ಒಂಟಿ ಕಲ್ಲಾಗಿರ್ಬೇಕು. ಸೋಪಾನದ ಸಂದಿ, ಬಟ್ಟೆ ರಾಶಿ, ಹರಿದ ಬಲೆ, ಇದಕ್ಕೆಲ್ಲ ನಾಲಿಗೆ ಏನು ಮಾಡ್ತದೆ?

"ಕೆಲವು ನೂರು ರೂಪಾಯಿ, ಅದಕ್ಯಾಕೆ ಇಷ್ಟು ಮಾತು" ಅಂತಾರೆ. 150ಕ್ಕೂ ಸಿಗ್ತವೆ, 1000ಕ್ಕೂ ಸಿಗ್ತವೆ, ಸರಿ. ಆದ್ರೆ ಆಳಕ್ಕೆ ಹೋಗೋದು ನೀರನ್ನ ಜೋರಾಗಿ ಎಳೀತದೆ. ಸಣ್ಣ ಕಡ್ಡಿ ತಡೆಯದಿಲ್ಲ, ಗಟ್ಟಿ ರಾಡ್ ಬೇಕು ಅಂತಾರೆ. ಆಮೇಲೆ ರೀಲು, ಆಮೇಲೆ ಸಣ್ಣ ಆದ್ರೆ ಗಟ್ಟಿ ದಾರ, ಯಾಕಂದ್ರೆ ದಪ್ಪ ದಾರ ನೀರಲ್ಲಿ ತಡೆ ಕೊಟ್ಟು ಆಳಕ್ಕೆ ಬಿಡದಿಲ್ಲ. ಒಂದು ಸುಳ್ಳು ಮೀನು ಮನೆಗೆ ಬಂದ್ರೆ ಅದರ ನೆಂಟರೆಲ್ಲ ಹಿಂದೇ ಬತ್ತಾರೆ. ಕಾಯಿಲ್ ಮಿಕ್ಸಿ ರಿಪೇರಿಗೆ ದುಡ್ಡಿಲ್ಲ ಅಂದ ಮನೇಲೇ ಇದು ನಡೆಯೋದು.

ಬಣ್ಣದ ಮಾತಂತೂ ಕೇಳ್ಬ್ಯಾಡಿ. ಸೀರೆ ಅಂಗಡೀಲಿ ನಾವು ಅರ್ಧ ಗಂಟೆ ಕೂತ್ರೆ ನಗೋರು, ಸುಳ್ಳು ಮೀನಿನ ಹೊಟ್ಟೆ ಕಿತ್ತಳೆಯಾ ಹಸಿರಾ ಅಂತ ರಾತ್ರಿ ಹನ್ನೆರಡರವರೆಗೂ ಮೊಬೈಲು ಉಜ್ತಾರೆ. ತಿಳಿ ನೀರಿಗೆ ನಿಜ ಮೀನಿನಂಥ ಬಣ್ಣ, ಕೆಂಪು ನೀರಿಗೆ ಎದ್ದು ಕಾಣೋ ಬಣ್ಣ, ಇಷ್ಟೇ ಸೂತ್ರ. ಒಂದು ನಿಮಿಷದ ಕೆಲ್ಸ. ಬಣ್ಣ ನೋಡೋಕೆ ಮುಂಚೆ ಆಳ ನೋಡಬೇಕು, ಆಮೇಲೆ ಗಾಳ ನೋಡಬೇಕು, ಆಮೇಲೆ ಗಾತ್ರ. ಬಣ್ಣ ಕೊನೇಗೆ. ಇವರು ಕೊನೇದ್ರಿಂದ ಶುರು ಮಾಡಿ ಅಲ್ಲೇ ನಿಂತವ್ರೆ.

ನಾನು ಮೀನು ಹಿಡೀಲೇ ಬ್ಯಾಡಿ ಅಂತಿಲ್ಲ. ಹುಡುಗರು ಮೊಬೈಲು ಬುಟ್ಟು ಹೊಳೆ ದಡದಲ್ಲಿ ನಾಲ್ಕು ಗಳಿಗೆ ಕೂತ್ರೆ ನನಗೂ ಸಂತೋಷವೇ. ಕೊಳ್ಳೋದಾದ್ರೆ ಹೆಂಗೆ ಕೊಳ್ಳಬೇಕು ಅಂತ ಮಾತ್ರ ಹೇಳ್ತೀನಿ. ನಮ್ಮ ನೀರಿಗೆ ಗಿಡ್ಡ ನಾಲಿಗೇದು ಸಾಕು, ಎರಡರಿಂದ ನಾಲ್ಕಡಿ ಇಳಿಯೋದು, ತೇಲೋ ಜಾತಿ. ಸಿಕ್ಕಳ್ತು ಅಂದ್ರೂ ಕೈಗೆಟುಕೋ ಆಳದಲ್ಲಿ ಇರ್ತದೆ, ಇಳಿದು ಬಿಡಿಸ್ಕೊಂಡು ಬರ್ಬೋದು. ಕೊರಮೀನಿಗೆ ಆದ್ರೆ ನೀರ ಮೇಲೇ ತೇಲೋ ರಬ್ಬರ್ ಕಪ್ಪೆ ಸಿಗ್ತದೆ, ಅದರ ಮೊನೆ ಮೈಗೆ ಅಪ್ಪಿ ಮೇಲ್ಮುಖ ಇರ್ತದೆ, ಹುಲ್ಲಿಗೂ ಅಷ್ಟಾಗಿ ಸಿಕ್ಕಳದಿಲ್ಲ. ಆದ್ರೆ ಕೆಂಪು ಮರಿ ಗುಂಪು ಕಂಡ್ರೆ ಅಲ್ಲಿ ಎಸೀಬ್ಯಾಡಿ ಅಂತ ಹೇಳಿ. ಕೆಳಗೆ ತಾಯೋ ತಂದೆಯೋ ಕಾಯ್ತಾ ಇರ್ತದೆ, ಅದನ್ನ ಹಿಡಿದ್ರೆ ಮರಿ ಎಲ್ಲಾ ಬೇರೆ ಮೀನಿನ ಪಾಲು.

ಮೂರು ಮೊನೆ ಗಾಳ ಡಬ್ಬೀಲೇ ಬತ್ತದೆ, ಏನು ಮಾಡನ ಅಂತಾರೆ. ಅದನ್ನ ಬಿಚ್ಚಿ ಒಂಟಿ ಮೊನೇದು ಹಾಕೋಕೆ ಬತ್ತದೆ. ಒಂದು ಸಣ್ಣ ಬಳೆಯಲ್ಲಿ ನೇತಾಕಿರ್ತಾರೆ, ಅಷ್ಟೇ. ಆರು ಮೊನೆ ಇರೋ ತಾವಲ್ಲಿ ಎರಡಾಯ್ತು. ಆ ಎರಡರ ಹಿಂದಿನ ಮುಳ್ಳನ್ನೂ ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿ. ದಾರ ಬಿಗಿಯಾಗಿ ಹಿಡಿದ್ರೆ ಮೀನು ಹೋಗದಿಲ್ಲ, ನಮ್ಮ ಹಿಮ್ಮಡಿಗೆ ಹೊಕ್ರೂ ಸಲೀಸಾಗಿ ಬತ್ತದೆ. ಬೇಟೆ ಮೀನಿನ ಹಟ ಇಲ್ಲದಿದ್ರೆ ಎರೆಹುಳ, ಮುದ್ದೆ ಉಂಡೆ, ಒಂದು ಕೊಕ್ಕೆ ಸಾಕು. ಜಿಲೇಬಿ, ರೋಹು ಇದಕ್ಕೇ ಬರೋದು, ಸಾರಿಗೆ ಆಗೋದೂ ಇವೇ.

ಮನೆಗೆ ನಾನು ಹಾಕಿರೋ ಕಟ್ಟಳೆ ಇಷ್ಟು, ಬೇಕಾದ್ರೆ ನೀವೂ ಹಾಕಿ. ಬಟ್ಟೆ ಒಗೆಯೋ, ಸ್ನಾನ ಮಾಡೋ ಮೆಟ್ಟಿಲ ಹತ್ರ ಗಾಳ ಎಸೆಯೋ ಹಂಗಿಲ್ಲ. ಮನೇಲಿ ಹೊಳೆಗೆ ಇಳಿಯೋ ಹೆಂಗಸ್ರನ್ನ ಕೇಳಿ ಆಳ ತಿಳ್ಕೊಂಡೇ ಸಾಮಾನು ಕೊಳ್ಳೋದು. ಕಿತ್ತೋದ ಗಾಳ ಎಲ್ಲಿ ಕಿತ್ತೋಯ್ತು ಅಂತ ಮನೆಗೆ ಬಂದು ಹೇಳೋದು, ನಾಚ್ಕೊಂಡು ಮುಚ್ಚಿಡೋ ಹಂಗಿಲ್ಲ. ಹೇಳುದ್ರೆ ಮಾರನೇ ದಿನ ನೀರು ಇಳಿದಾಗ ಹುಡುಕ್ಬೋದು, ಪಕ್ಕದ ಮನೆಯೋರಿಗೂ ಎಚ್ಚರ ಹೇಳ್ಬೋದು. ಯಾರಿಗಾದ್ರೂ ಮೊನೆ ಹೊಕ್ರೆ ಮನೇಲಿ ಎಳೆಯೋ ಸಾಹಸ ಬ್ಯಾಡ. ದಾರ ಕತ್ತರಿಸಿ, ಅಲ್ಲಾಡದಂಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಣ್ಣ ಹತ್ರ ಆಗಿದ್ರಂತೂ ಮುಟ್ಲೇ ಬ್ಯಾಡಿ.

ಇದಕ್ಕೆ ಮನೇಲಿ ಮುಖ ಊದಿಸ್ಕೊಂಡೋರು ಅವ್ರೆ. ಊದಿಸ್ಕಳ್ಲಿ. ಊದಿದ ಮುಖ ಸಂಜೆಗೆ ಇಳೀತದೆ, ಊದಿದ ಕಾಲು ಎರಡು ವಾರ ಬೇಕು.

ನಾಳೆ ನಿಮ್ಮ ಬಾಗಿಲಿಗೆ ಪಾರ್ಸಲ್ ಬಂದ್ರೆ ಡಬ್ಬಿ ನೀವೇ ಒಡೀರಿ ಕಣ್ರವ್ವ. ಅಂಕಿ ಓದಿ, ಆಳು ಲೆಕ್ಕ ಹಾಕಿ, ನಿಮ್ಮ ಒಗೆಯೋ ಕಲ್ಲಿನ ಮುಂದಿನ ನೀರನ್ನ ಒಂದ್ಸಲ ನೆನಸ್ಕಳಿ. ನಾಲಿಗೆ ಉದ್ದ ಇದ್ರೆ ಹಂಗೇ ಮುಚ್ಚಿ ವಾಪಸ್ ಕಳ್ಸಿ. ವಾಪಸ್ ಮಾಡೋಕೆ ಗಡುವು ಇರ್ತದೆ, ತಡ ಮಾಡ್ಬ್ಯಾಡಿ.